ಮಂಗಳವಾರದ ಕತ್ತರಿ

"ಇನ್ನೊಂದು ಸಲ ಹಾಕಿ ಮೇಡಂ," ಎಂದಳು ತನುಶ್ರೀ.

ವಸಂತಮ್ಮ ಲ್ಯಾಪ್‌ಟಾಪಿನತ್ತ ಬಾಗಿ ಮತ್ತೆ ಹಾಕಿದರು. ಜಯಲಕ್ಷ್ಮಿಪುರಂನ ಅವರ ಮನೆಯ ಊಟದ ಕೋಣೆಯಲ್ಲಿ ಮೂರನೆಯ ಬಾರಿ ಸತ್ತವನ ದನಿ ಕೇಳಿಸಿತು. ಮೊದಲು ಎರಡು ಕೆಮ್ಮು. ಆಮೇಲೆ ಕತ್ತರಿಯನ್ನು ಗಾಳಿಯಲ್ಲಿ ಆಡಿಸಿದ ಸದ್ದು, ಟಿಕ್ ಟಿಕ್. ಆಮೇಲೆ ಮಾತು.

"ಊಂ ಸ್ವಾಮಿ, ಯೋಳಿ. ಗಿರಾಕಿ ಕೂತವ್ರೆ, ಬೇಗ ಯೋಳ್ಬುಡಿ. ಗಲ್ಲಾಪೆಟ್ಟೀನಾ? ಅಯ್ಯೋ, ಅದು ಬಂದ್ಮೇಲೆ ನಂಗೆ ಪುಸ್ತಕ ಪೆನ್ಸಿಲ್ ಯಾವ್ದೂ ಬ್ಯಾಡ. ಯಾವ ಕುರ್ಚೀಲಿ ಎಷ್ಟು ತಲೆ ಆಯ್ತು, ಬ್ಲೇಡು ಎಷ್ಟು ಉಳ್ದೈತೆ, ಎಲ್ಲಾ ಫೋನೇ ಯೋಳ್ತದೆ."

ಹನ್ನೆರಡು ದಿನದ ಹಿಂದೆ, ಗುರುವಾರ ಸಂಜೆ, ಲಕ್ಷ್ಮೀಪುರಂನ ಮೂರಂತಸ್ತಿನ ಕಟ್ಟಡದ ತಾರಸಿಯಿಂದ ಬಿದ್ದು ಸತ್ತ ಕುಮಾರಸ್ವಾಮಿಯ ದನಿ ಅದು. ವಯಸ್ಸು ಇಪ್ಪತ್ತೊಂಬತ್ತು. ಹಗಲು ಅದೇ ಕಟ್ಟಡದ 'ಗಲ್ಲಾಪೆಟ್ಟಿ' ಎಂಬ ಕಂಪನಿಯಲ್ಲಿ ಕೆಲಸ, ಸಂಜೆ ಹವ್ಯಾಸಿ ನಾಟಕ.

ಅಂಗಡಿಯ ಬಿಲ್ಲು, ದಾಸ್ತಾನು, ಕೆಲಸದವರ ಹಾಜರಿ, ಎಲ್ಲವನ್ನೂ ಒಂದೇ ಕಡೆ ನೋಡಿಕೊಳ್ಳುವ ಸಾಫ್ಟ್‌ವೇರ್ ಮಾಡುವ ಕಂಪನಿ ಅದು. ನಾನೂರು ಅಂಗಡಿಗಳು ಅದನ್ನು ಬಳಸುತ್ತಿವೆ ಎಂದು ಮಾಲೀಕ ಪ್ರಸಾದ್ ಹೇಳಿಕೊಂಡಿದ್ದ. ಆ ಮಾತಿನ ಮೇಲೆ ಯಾದವಗಿರಿಯ ಒಂಬತ್ತು ಮಂದಿ ನಿವೃತ್ತರು, ದಿನಾ ಬೆಳಿಗ್ಗೆ ಒಟ್ಟಿಗೆ ವಾಕಿಂಗ್ ಹೋಗುವವರು, ಹಣ ಹೂಡಿದ್ದರು. ಹೂಡುವ ಮೊದಲು ಅವರ ಪೈಕಿ ಒಬ್ಬರು ಪ್ರಸಾದ್ ಕೊಟ್ಟ ಪಟ್ಟಿ ಹಿಡಿದು ಹದಿನಾಲ್ಕು ಅಂಗಡಿಗಳಿಗೆ ಫೋನ್ ಮಾಡಿ ವಿಚಾರಿಸಿದ್ದರು. ಹದಿನಾಲ್ಕು ಅಂಗಡಿಯವರೂ ಹೊಗಳಿದ್ದರು. ಆ ಹದಿನಾಲ್ಕು ಜನರೂ ಕುಮಾರಸ್ವಾಮಿಯೇ ಎಂಬುದು ಅವನು ಸತ್ತ ಮೇಲೆ ಹೊರಬಿತ್ತು. ನಿಜವಾಗಿ ಇದ್ದ ಅಂಗಡಿಗಳು ಮೂವತ್ತೊಂದು.

ನಾಳೆ ಬುಧವಾರ ಸಂಜೆ ನಾಲ್ಕಕ್ಕೆ ಷೇರುದಾರರ ಸಭೆ. ಮೋಸ ಪೂರ್ತಿ ಕುಮಾರಸ್ವಾಮಿ ಒಬ್ಬನದು, ಸಿಕ್ಕಿಬೀಳುವ ಭಯಕ್ಕೆ ಹಾರಿಕೊಂಡ ಎಂಬ ಹೇಳಿಕೆಯನ್ನು ಪ್ರಸಾದ್ ಓದುತ್ತಾನೆ. ಒಂಬತ್ತೂ ಜನ ಸಹಿ ಹಾಕಿದರೆ ಅದು ಪೊಲೀಸರ ಕಡತ ಸೇರುತ್ತದೆ. ಆಮೇಲೆ ಆ ಕಡತವನ್ನು ಯಾರೂ ತೆರೆಯುವುದಿಲ್ಲ. ಮೂವತ್ತೊಂದು ವರ್ಷ ಪೊಲೀಸ್ ಇಲಾಖೆಯಲ್ಲಿದ್ದು ಸಬ್‌ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾಗಿ, ಈಗ ಸತ್ತವನ ತಾಯಿಯ ಕೋರಿಕೆಯಂತೆ ಈ ಸಾವನ್ನು ವಿಚಾರಿಸುತ್ತಿದ್ದ ವಸಂತಮ್ಮನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಸುದ್ದಿ ಆಗಲೇ ಬಂಧುಬಳಗದಲ್ಲಿ ಹಬ್ಬಿತ್ತು. ಮೊನ್ನೆ ಭಾನುವಾರದ ತಿಥಿಗೆ ತಾಯಿ ಇಂದ್ರಮ್ಮ ಅರವತ್ತು ಎಲೆಗೆ ಅಡುಗೆ ಮಾಡಿಸಿದ್ದರು. ಬಂದವರು ಹತ್ತೊಂಬತ್ತು ಜನ.

"ಇದು ಅಣ್ಣನ ದನಿ ಅಲ್ಲ ಮೇಡಂ," ಎಂದಳು ತನುಶ್ರೀ. ನಗುತ್ತಿದ್ದಳು, ಕಣ್ಣಿಂದ ನೀರು ಸುರಿಯುತ್ತಿತ್ತು. "ಇದು ನಮ್ಮಪ್ಪ. ಆ ಕೆಮ್ಮು ನಮ್ಮಪ್ಪಂದು. ಮಾತಿಗೆ ಮುಂಚೆ ಕತ್ರಿ ಎರಡು ಸಲ ಆಡ್ಸೋದೂ ಅವರೇ. ಆರು ವರ್ಷ ಆಯ್ತು ಅಪ್ಪ ಹೋಗಿ. ಈ ಕಳ್ಳ ಮನೇಲಿ ಒಂದಿನ ಮಾಡಿ ತೋರಿಸ್ಲಿಲ್ಲ ನೋಡಿ, ಫೋನಲ್ಲಿ ಯಾರಿಗೋ ಮಾಡವ್ನೆ."

ಅವರ ತಂದೆ ಕಾಳಯ್ಯ ಲಕ್ಷ್ಮೀಪುರಂನ ಒಂದು ಅಡ್ಡರಸ್ತೆಯಲ್ಲಿ ಕಟಿಂಗ್ ಶಾಪ್ ಇಟ್ಟಿದ್ದವರು. ಅವರು ಹೋದ ಮೇಲೂ ಕುಮಾರಸ್ವಾಮಿ ಅಂಗಡಿ ಬಿಟ್ಟುಕೊಟ್ಟಿರಲಿಲ್ಲ. ನಾಟಕದ ತಾಲೀಮಿಗೆ ಬೇಕು ಎನ್ನುತ್ತಿದ್ದ.

ವಸಂತಮ್ಮ ಕರೆಗಳ ಪಟ್ಟಿಯನ್ನು ಅವಳ ಮುಂದೆ ತಿರುಗಿಸಿದರು. "ಈ ಕರೆ ಮಾಡಿದ್ದು ಜುಲೈ ಹದಿನಾರನೇ ತಾರೀಕು, ಬೆಳಿಗ್ಗೆ ಹನ್ನೊಂದಕ್ಕೆ. ಯಾವ ವಾರ ನೋಡು."

ತನುಶ್ರೀ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿದಳು. ಬೆರಳು ಒಂದು ಕಡೆ ನಿಂತಿತು.

"ಮಂಗಳವಾರ."

"ಮಂಗಳವಾರ ಹನ್ನೊಂದು ಗಂಟೆಗೆ ಕಟಿಂಗ್ ಶಾಪಲ್ಲಿ ಗಿರಾಕಿ ಕೂತಿದ್ರಂತೆ."

"ನಮ್ಮಪ್ಪ ಮಂಗಳವಾರ ಕತ್ರಿ ಮುಟ್ತಿರ್ಲಿಲ್ಲ ಮೇಡಂ. ಎಣ್ಣೆ ಹಾಕಿ, ಒರೆಸಿ, ಬಟ್ಟೆ ಸುತ್ತಿ ಇಟ್ಬುಡೋರು." ಅವಳು ಮತ್ತೆ ಕುಳಿತಳು. "ಭಾನುವಾರ ಅಪ್ಪಂಗೆ ಊಟಕ್ಕೂ ಪುರುಸೊತ್ತಿಲ್ಲ. ನಮಗೆ ರಜಾ ಅಂದ್ರೆ ಮಂಗಳವಾರವೇ. ಮಧ್ಯಾಹ್ನ ಸ್ಕೂಲಿಂದ ಬಿಡಿಸ್ಕೊಂಡು ಇಬ್ಬರನ್ನೂ ಜೂಗೆ ಕರ್ಕೊಂಡೋಗೋರು. ಹೋದ್ರೆ ಅಲ್ಲೂ ಮಂಗಳವಾರ ಬಾಗಿಲು! ಪ್ರತಿ ಸಲಾನೂ ಮರೆಯೋರು, ಇಲ್ಲಾ ಮರೆತಂಗೆ ಆಡೋರು. ಟಿಕೆಟ್ ದುಡ್ಡು ಉಳೀತು ಕಣ್ರೋ ಅಂತ ಕಡ್ಲೆಕಾಯಿ ಕೊಡ್ಸೋರು. ಗೇಟ್ ಹತ್ರ ನಿಂತು ತಿನ್ನೋವಾಗ ಒಳಗಿಂದ ಸಿಂಹ ಕೂಗೋದು ಕೇಳ್ಸೋದು. ಅಣ್ಣ ಮೊದಲು ಕಲ್ತ ದನಿ ಅದು. ಸಿಂಹ ನೋಡೇ ಇರ್ಲಿಲ್ಲ, ಕೂಗು ಮಾತ್ರ ಬರ್ತಿತ್ತು."

ವಸಂತಮ್ಮ ಅವಳ ಮುಂದಿನ ಕಾಫಿ ಲೋಟವನ್ನು ಸ್ವಲ್ಪ ಹತ್ತಿರ ಸರಿಸಿದರು. ಕಾಫಿ ಆರಿ ಕೆನೆ ಕಟ್ಟಿತ್ತು.

"ಹದಿನಾಲ್ಕೂ ಕರೆ ಕೂತು ಕೇಳಿದೀನಿ ತನುಶ್ರೀ. ಮೊದಲ ನಾಲ್ಕರಲ್ಲಿ ಒಂದು ತಪ್ಪೂ ಇಲ್ಲ. ಐದನೇದು ಇದು. ಇಲ್ಲಿಂದ ಮುಂದೆ ಒಂದೊಂದರಲ್ಲೂ ಒಂದು ತಪ್ಪಿದೆ. ಕಲ್ಯಾಣ ಮಂಟಪದವನು ಈ ವಾರ ಮೂರು ಮದುವೆ ಇದೆ ಅಂತಾನೆ, ಅದು ಆಷಾಢ ಮಾಸ. ಹೂವಿನಂಗಡಿಯವನು ವ್ಯಾಪಾರವೇ ಇಲ್ಲ, ಬೇಗ ಬಾಗಿಲು ಹಾಕ್ತಿದೀನಿ ಅಂತಾನೆ. ಅವತ್ತು ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ."

"ಅಣ್ಣಂಗೆ ಇವೆಲ್ಲಾ ಗೊತ್ತಿತ್ತು ಮೇಡಂ."

"ಗೊತ್ತಿದ್ದಕ್ಕೇ ಹೇಳಿದಾನೆ. ಮೊದಲ ನಾಲ್ಕು ಕರೆ ಏನೋ ತರಬೇತಿಗೆ ಅಂದ್ಕೊಂಡು ಮಾತಾಡಿರಬೇಕು. ಆಮೇಲೆ ಅರ್ಥ ಆಗಿದೆ. ಅಷ್ಟು ಹೊತ್ತಿಗೆ ದನಿ ರೆಕಾರ್ಡಾಗಿತ್ತು, ಬಿಡಿಸ್ಕೊಳ್ಳೋ ಹಾಗಿರಲಿಲ್ಲ. ಅದಕ್ಕೆ ಒಂದೊಂದರಲ್ಲೂ ಈ ಊರಿನವರು ಯಾರೂ ನಂಬದಂಥ ಒಂದು ಮಾತು ಇಟ್ಟ. ಯಾರಾದರೂ ಹಿಡೀಲಿ ಅಂತ."

ತನುಶ್ರೀ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಊರೆಲ್ಲಾ ಕೂಗಿ ಹೇಳವ್ನೆ. ಒಬ್ಬರೂ ಕೇಳಿಸ್ಕೊಳ್ಲಿಲ್ವಾ?"

"ಕೇಳಿಸ್ಕೊಂಡೋರು ಒಬ್ಬರೇ. ಈಗ ಅವರನ್ನೇ ನೋಡೋಕೆ ಹೋಗ್ತಿದೀನಿ."

"ಅಂಗೇ ಆಗ್ಲಿ ಬುಡಿ ಸ್ವಾಮಿ."

ಅದು ಕಾಳಯ್ಯನ ದನಿ. ವಸಂತಮ್ಮ ತಟ್ಟನೆ ಲ್ಯಾಪ್‌ಟಾಪಿನತ್ತ ನೋಡಿದರು. ಅದು ಆಗಲೇ ನಿಂತಿತ್ತು. ಮುಖ ಒರೆಸಿಕೊಳ್ಳುತ್ತಾ ತನುಶ್ರೀ ಸಣ್ಣಗೆ ನಕ್ಕಳು.

"ಅಪ್ಪ ಫೋನ್ ಇಡೋವಾಗ ಅಂತಿದ್ದ ಮಾತು ಮೇಡಂ. ನಂಗೂ ಬಾಯಿಗೆ ಬಂದ್ಬುಡ್ತದೆ."

ಅವಳು ಎದ್ದು ಬ್ಯಾಗು ತೆಗೆದುಕೊಂಡಳು. ಕುಮಾರಸ್ವಾಮಿಯ ಮೇಜಿನಲ್ಲಿ ಪೊಲೀಸರಿಗೆ ಸಿಕ್ಕಿದ್ದು ಎರಡೆರಡು ಸಿಮ್ ಇದ್ದ ಆರು ಫೋನು. ಏಳನೆಯದು, ಈ ಕಟಿಂಗ್ ಶಾಪಿನ ನಂಬರಿದ್ದದ್ದು, ಸಿಕ್ಕಿರಲಿಲ್ಲ. ಅದರ ಬಗ್ಗೆ ವಸಂತಮ್ಮ ಮತ್ತೊಮ್ಮೆ ಕೇಳಿದರು. ತನುಶ್ರೀ ಗೊತ್ತಿಲ್ಲ ಎಂದು ತಲೆಯಾಡಿಸಿದಳು.

"ನಾನು ಹೊರಟೆ. ಇವತ್ತೂ ಮಂಗಳವಾರ. ಅಂಗ್ಡಿ ಗುಡಿಸಿ ಅಪ್ಪನ ಕತ್ರಿಗೆ ಎಣ್ಣೆ ಹಾಕ್ಬೇಕು. ಇಷ್ಟು ದಿನ ಅಣ್ಣ ಮಾಡ್ತಿದ್ದ." ಬಾಗಿಲ ಹತ್ತಿರ ನಿಂತಳು. "ಆ ಯಜಮಾನ್ರು ಒಪ್ಕೊಳ್ದೇ ಇದ್ರೆ?"

"ಕಾನೂನು ಅಂತ ಒಂದಿದೆಯಮ್ಮ."

"ನಾಳೆ ನಾಲ್ಕು ಗಂಟೆ ಒಳಗೆ ಬಂದ್ಬುಡ್ತದಾ ಮೇಡಂ, ನಿಮ್ಮ ಕಾನೂನು?"

ವಸಂತಮ್ಮ ಗಡಿಯಾರದತ್ತ ನೋಡಿದರು. ಬೆಳಿಗ್ಗೆ ಒಂಬತ್ತು ಗಂಟೆ.

* * *

ಬಿಂದುಮಾಧವ ಯಾದವಗಿರಿಯ ತಮ್ಮ ಬಂಗಲೆಯ ಜಗುಲಿಯಲ್ಲೇ ಕುಳಿತಿದ್ದರು. ಎಪ್ಪತ್ತೊಂದು ವಯಸ್ಸಿನ ನಿವೃತ್ತ ಬ್ಯಾಂಕ್ ಮ್ಯಾನೇಜರು. ಹದಿನಾಲ್ಕು ಕರೆ ಮಾಡಿದ್ದು ಅವರೇ. ಮರೆವು ಜಾಸ್ತಿ ಎಂದು ಫೋನಿನಲ್ಲಿ ಎಲ್ಲ ಕರೆಯೂ ತಾನಾಗಿ ರೆಕಾರ್ಡಾಗುವಂತೆ ಮಾಡಿಸಿಕೊಂಡಿದ್ದರು. ಅವುಗಳ ಪ್ರತಿಯನ್ನು ಪೊಲೀಸರಿಗೂ, ಆಮೇಲೆ ವಸಂತಮ್ಮನಿಗೂ ಕೊಟ್ಟಿದ್ದರು. ಒಬ್ಬ ನಾಟಕದವನು ಒಂಬತ್ತು ಹಿರಿಯರನ್ನು ಹೇಗೆ ಏಮಾರಿಸಿದ ನೋಡಿ ಎಂದಿದ್ದರು.

"ಬನ್ನಿ ಬನ್ನಿ ವಸಂತಮ್ಮನವರೇ. ಕೂತ್ಕೊಳ್ಳಿ. ಕಾಫಿ?"

"ಆಯ್ತು ಸಾರ್. ಕರೆ ಬಗ್ಗೆ ಬರ್ಕೊಳ್ತಿದ್ರಲ್ಲ, ಆ ನೋಟ್‌ಪುಸ್ತಕ ಒಂದ್ಸಲ ಕೊಡ್ತೀರಾ?"

ಅವರು ಎದ್ದು ಹೋಗಿ ತಂದರು. ಪ್ರತಿ ಕರೆಗೂ ಒಂದು ಪುಟ, ದುಂಡಗಿನ ಅಕ್ಷರ. ಪುಟದ ತಲೆಯಲ್ಲಿ ವಾರ, ತಿಥಿ. ನಲವತ್ತು ವರ್ಷದ ಅಭ್ಯಾಸ ಎಂದು ಹಿಂದೊಮ್ಮೆ ಹೇಳಿದ್ದರು.

ವಸಂತಮ್ಮ ಐದನೆಯ ಪುಟ ತೆಗೆದರು. "ಸಾರ್, ಕೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ನಿಮಗೆ ಕಟಿಂಗ್ ಯಾರು ಮಾಡ್ತಾರೆ?"

ಬಿಂದುಮಾಧವ ಬೋಳು ನೆತ್ತಿ ಸವರಿಕೊಂಡರು. "ಮಾಡೋಕೆ ಏನುಳಿದಿದೆ ಕಣಮ್ಮ? ಕಿವಿ ಹತ್ರ ನಾಲ್ಕು ಕೂದಲು. ಮೂಲೆ ಸೆಲೂನಿಗೆ ತಿಂಗಳಿಗೊಂದು ಸಲ ಹೋಗಿ ಬರ್ತೀನಿ. ಅವನು ಅದಕ್ಕೂ ಪೂರ್ತಿ ದುಡ್ಡು ತಗೋತಾನೆ, ಹುಡುಕಿದ ಕೂಲಿ ಅಂತ."

"ಇವತ್ತು ಹೋಗ್ಬಹುದಾ?"

"ಇವತ್ತು ಮಂಗಳವಾರ ಅಲ್ವೇ, ರಜಾ..." ಮಾತು ಅಲ್ಲಿಗೇ ನಿಂತಿತು.

ವಸಂತಮ್ಮ ಪುಟ ಓದಿದರು. "ಮಂಗಳವಾರ, ಆಷಾಢ ಶುದ್ಧ ದಶಮಿ. ಸೆಲೂನ್. ಗಿರಾಕಿ ಬಹಳ. ತೃಪ್ತಿಕರ."

"ಈಗಿನ ಬ್ಯೂಟಿ ಪಾರ್ಲರ್‌ನೋರು ಮಂಗಳವಾರಾನೂ ತೆಗೀತಾರೆ."

"ಹಾಗೇ ಇರಲಿ. ಎರಡು ದಿನ ಆದ್ಮೇಲೆ, ಗುರುವಾರ, ಆಷಾಢ ಶುದ್ಧ ದ್ವಾದಶಿ. ಕಲ್ಯಾಣ ಮಂಟಪ. ವಾರದಲ್ಲಿ ಮೂರು ಮದುವೆ. ತೃಪ್ತಿಕರ. ಆಷಾಢ ಅಂತ ನಿಮ್ಮ ಕೈಲೇ ಬರೆದು, ಅದರ ಕೆಳಗೇ ಮೂರು ಮದುವೆ ಅಂತ ಬರೆದಿದೀರ. ಪಂಚಾಂಗ ನಿಮ್ಮ ಪಕ್ಕದಲ್ಲೇ ಇದೆ ಸಾರ್."

ಮೇಜಿನ ಮೇಲಿದ್ದ ಪಂಚಾಂಗವನ್ನು ಬಿಂದುಮಾಧವ ನೋಡಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸತೊಡಗಿದರು. ಒರೆಸುತ್ತಲೇ ಇದ್ದರು.

"ಸೆಲೂನ್‌ನೋನು ಹೇಳಿದಾಗ ಅನುಮಾನ ಬಂತು," ಎಂದರು ಕೊನೆಗೆ. "ಮಂಟಪದೋನು ಹೇಳಿದಾಗ ಖಾತ್ರಿ ಆಯ್ತು. ಹೂವಿನೋನು ಮಾತಾಡೋ ಹೊತ್ತಿಗೆ ನಾನು ಆ ಕಡೆ ಇರೋನು ಈ ಸಲ ಏನು ತಪ್ಪು ಹೇಳ್ತಾನೆ ಅಂತ ಕಾಯ್ತಿದ್ದೆ. ನಿಜ ಹೇಳ್ತೀನಿ, ಸೊಗಸಾಗಿ ಮಾಡ್ತಿದ್ದ."

"ಆದ್ರೂ ಎಂಟು ಜನರಿಗೆ ಕಂಪನಿ ಚೆನ್ನಾಗಿದೆ, ಹಾಕಿ ಅಂದ್ರಿ."

"ನನ್ನದು ಮೊದಲೇ ಹೋಗಿತ್ತಮ್ಮ. ಎರಡು ವರ್ಷದ ಹಿಂದೆ ಒಬ್ಬನೇ ಹೂಡಿದ್ದೆ, ನಿವೃತ್ತಿಯಲ್ಲಿ ಬಂದದ್ದು ಪೂರ್ತಿ. ನನ್ನ ಹೆಂಡತಿಗೆ ಇವತ್ತಿಗೂ ಗೊತ್ತಿಲ್ಲ. ಹೊಸಬರ ಹಣ ಬಂದ್ರೆ ನಿಮ್ಮ ಷೇರು ವಾಪಸ್ ಕೊಂಡ್ಕೋತೀನಿ ಅಂದ ಪ್ರಸಾದ್. ಗೌರಿ ಹಬ್ಬಕ್ಕೆ ಇವರು ಹಾಕಿದ್ರು. ದಸರಾ ಮುಗಿಯೋಷ್ಟರಲ್ಲಿ ನನ್ನದು ನನಗೆ ಬಂತು. ನಾನೂ ಕಳ್ಕೊಂಡೆ ಅಂತಲೇ ಅವರು ಅಂದ್ಕೊಂಡಿದಾರೆ."

"ದಿನಾ ನಿಮ್ಮ ಜೊತೆ ನಡೆಯೋರು ಸಾರ್ ಅವರು."

"ಈಗಲೂ ಕರೀತಾರೆ. ಬೆಳಿಗ್ಗೆ ಆರಕ್ಕೆ ಗೇಟಿನ ಹತ್ರ ನಿಂತು ಮಾಧವಾ, ಬಾರಯ್ಯ ಅಂತಾರೆ. ಮಂಡಿ ನೋವು ಅಂತ ಹೇಳಿ ಕಳಿಸ್ತೀನಿ. ನಾಗೇಂದ್ರ ನಿನ್ನೆ ನೋವಿನ ಎಣ್ಣೆ ತಂದ್ಕೊಟ್ಟು ಹೋದ." ಅವರು ಕನ್ನಡಕ ಹಾಕಿಕೊಂಡರು. "ಅವನೂ ಹಾಕಿದಾನೆ. ಮಗಳ ಮದುವೆಗೆ ಇಟ್ಟಿದ್ದು."

ಒಳಗಿನಿಂದ ಅವರ ಹೆಂಡತಿ ಕಾಫಿ ತಂದಿಟ್ಟು ಹೋದರು. ಅವರು ಒಳಗೆ ಹೋದ ಮೇಲೆ ವಸಂತಮ್ಮ ಪುಸ್ತಕ ಮುಚ್ಚಿ ಕೇಳಿದರು.

"ಕುಮಾರಸ್ವಾಮೀನ ನೀವು ಯಾವತ್ತಾದ್ರೂ ನೋಡಿದ್ರಾ?"

ಇದನ್ನು ಕೇಳಬಾರದಿತ್ತು ಎಂಬಂತೆ ಅವರು ಮುಖ ತಿರುಗಿಸಿದರು.

"ಬಂದಿದ್ದ. ಸಾಯೋದಕ್ಕೆ ಹಿಂದಿನ ದಿನ, ಬುಧವಾರ. ನೀವೀಗ ಕೂತಿರೋ ಕುರ್ಚೀಲೇ ಕೂತಿದ್ದ. 'ಸಾರ್, ಮಂಗಳವಾರ ಕಟಿಂಗ್ ಶಾಪ್ ತೆಗೆಯಲ್ಲ ಅಂತ ನಿಮಗೆ ಗೊತ್ತಾಗ್ಲಿಲ್ವಾ' ಅಂದ. ಬೈಲಿಲ್ಲ, ಜೋರಾಗಿ ಮಾತಾಡ್ಲಿಲ್ಲ. ಮಕ್ಕಳು ಮೇಷ್ಟ್ರನ್ನ ಕೇಳೋ ಹಾಗೆ ಕೇಳ್ದ. ಅಷ್ಟು ಸಲ ಹೇಳಿದ್ನಲ್ಲ ಸಾರ್, ಅಂದ. ಎಂಟು ಜನರ ಹತ್ರ ನಾನೇ ಹೋಗಿ ಹೇಳ್ಬಿಡ್ತೀನಿ ಅಂದ."

"ನೀವೇನಂದ್ರಿ?"

"ಎರಡು ದಿನ ತಡಿ, ನಾನೇ ಹೇಳ್ತೀನಿ ಅಂದೆ. ಕಾಫಿ ಕೊಟ್ಟೆ. ಕುಡಿದು ಲೋಟ ತೊಳೆದಿಟ್ಟು ಹೋದ."

"ಆಮೇಲೆ?"

"ಮಾರನೇ ದಿನ ಮಧ್ಯಾಹ್ನ ಪ್ರಸಾದ್‌ಗೆ ಫೋನ್ ಮಾಡಿ, ನಿನ್ನ ಹುಡುಗ ಬಾಯಿ ಬಿಡ್ತಾನೆ, ನೋಡ್ಕೋ ಅಂದೆ." ಬಿಂದುಮಾಧವ ಮತ್ತೆ ಪಂಚೆಯ ಅಂಚನ್ನು ಹಿಡಿದುಕೊಂಡರು. "ನೋಡ್ಕೋ ಅಂದ್ರೆ ಮಾತಾಡಿ ಸರಿ ಮಾಡ್ಕೋ ಅಂತ ಕಣಮ್ಮ. ಬೇರೆ ಏನೂ ಅಲ್ಲ. ದೇವರಾಣೆ ಬೇರೆ ಏನೂ ಅಲ್ಲ. ಸಂಜೆ ಅವನು ಬಿದ್ದ ಅಂತ ಸುದ್ದಿ ಬಂತು."

ಪಂಚೆಯ ಅಂಚನ್ನು ಹಿಡಿದಿದ್ದ ಕೈ ಸಡಿಲವಾಯಿತು. ವಸಂತಮ್ಮನಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ದಣಿವು. ಎದುರಿಗಿದ್ದವರು ಕಟುಕರಲ್ಲ. ಒಂದು ಫೋನ್ ಕರೆ ಮಾಡಿ ತಮ್ಮ ಪಾಡಿಗೆ ಸಂಧ್ಯಾವಂದನೆಗೆ ಕುಳಿತ ಮುದುಕರು.

"ನಾಳೆ ಸಭೆಯಲ್ಲಿ ಇದನ್ನೇ ಹೇಳಿ ಸಾರ್. ನಿಮ್ಮ ಎಂಟು ಜನರ ಮುಂದೆ. ಆಮೇಲೆ ಪೊಲೀಸರಿಗೂ. ಆ ತಾಯಿಗೆ ಅಷ್ಟಾದರೂ ಸಿಗಲಿ."

"ಹೇಳ್ತೀನಿ." ಅದು ಇಷ್ಟು ಬೇಗ ಬಂದದ್ದಕ್ಕೆ ವಸಂತಮ್ಮನಿಗೇ ಆಶ್ಚರ್ಯವಾಯಿತು. "ಹೇಳಲೇಬೇಕು. ಇಲ್ಲದೇ ಇದ್ರೆ ಅವನು ಬಿಡಲ್ಲ."

"ಯಾರು, ಪ್ರಸಾದಾ?"

"ಕುಮಾರಸ್ವಾಮಿ."

ಅವರು ಜೇಬಿನಿಂದ ಫೋನ್ ತೆಗೆದರು. ಬೆರಳು ಎರಡು ಸಲ ತಪ್ಪಿ, ಮೂರನೆಯ ಸಲ ಸರಿಯಾದ ಕಡೆ ಬಿತ್ತು. "ಇದನ್ನ ಪೊಲೀಸರಿಗೆ ಕೊಟ್ಟಿಲ್ಲ, ನಿಮಗೂ ಕೊಟ್ಟಿಲ್ಲ. ಕಳೆದ ಮಂಗಳವಾರ ಬೆಳಿಗ್ಗೆ ಬಂದದ್ದು. ಅವನನ್ನ ಮಣ್ಣು ಮಾಡಿ ನಾಲ್ಕು ದಿನ ಆಗಿತ್ತು."

ಎರಡು ಕೆಮ್ಮು. ಟಿಕ್ ಟಿಕ್.

"ಸ್ವಾಮಿ, ಇವತ್ತು ಮಂಗಳ್ವಾರ. ನನ್ನ ಅಂಗ್ಡಿ ಬಾಗ್ಲು ಹಾಕೈತೆ. ಇದು ನಿಮಗೆ ಅವತ್ತೇ ಗೊತ್ತಿತ್ತಲ್ವಾ?"

ಆಮೇಲೆ ಉಸಿರು. ಆಮೇಲೆ ಏನೂ ಇಲ್ಲ.

"ಅದೇ ನಂಬರು, ಅದೇ ದನಿ. ಸತ್ತವರು ಫೋನ್ ಮಾಡ್ತಾರಾ ವಸಂತಮ್ಮನವರೇ?"

ಆ ದನಿಯನ್ನು ವಸಂತಮ್ಮ ಎರಡು ಗಂಟೆಯ ಹಿಂದಷ್ಟೇ ಕೇಳಿದ್ದರು, ನಿಂತುಹೋದ ಲ್ಯಾಪ್‌ಟಾಪಿನ ಪಕ್ಕದಲ್ಲಿ. ಬೆಳಿಗ್ಗೆ ತನುಶ್ರೀ ಅತ್ತದ್ದು ನಿಜ. ಆದರೆ ಆ ರೆಕಾರ್ಡನ್ನು ಅವಳು ಕೇಳಿದ್ದು, ಕ್ಯಾಲೆಂಡರಿನಲ್ಲಿ ಆ ವಾರ ಹುಡುಕಿದ್ದು ಮೊದಲ ಸಲವಲ್ಲ. ಏಳನೆಯ ಫೋನಿನಲ್ಲೂ ಆ ಕರೆ ರೆಕಾರ್ಡಾಗಿರಬೇಕು; ಅದು ಎಲ್ಲಿದೆ ಎಂಬುದು ಅವಳಿಗೆ ಮೊದಲ ದಿನದಿಂದಲೂ ಗೊತ್ತು.

"ಇದೊಂದೇ ಕರೇನಾ ಸಾರ್?"

"ಇವತ್ತು ಏಳು ಗಂಟೆಗೆ ಮತ್ತೆ ಬಂತು. ಅಂಗ್ಡಿಗೆ ಬನ್ನಿ ಸ್ವಾಮಿ, ಕುರ್ಚಿ ಖಾಲಿ ಐತೆ ಅಂದ. ನನಗೆ ಧೈರ್ಯ ಬರಲಿಲ್ಲ." ಬಿಂದುಮಾಧವ ತಮ್ಮ ಕೈಗಳನ್ನೇ ನೋಡುತ್ತಿದ್ದರು. "ಪ್ರಸಾದ್‌ಗೂ ಬಂದಿದೆ. 'ಯಾವನೋ ಆಟ ಆಡ್ತಿದಾನೆ, ಅಂಗಡಿಗೇ ಹೋಗಿ ಆ ಫೋನ್ ಕಿತ್ಕೊಂಡು ಬರ್ತೀನಿ' ಅಂದ. ಹತ್ತೂವರೆಗೆ ಹೋಗ್ತೀನಿ ಅಂದಿದ್ದ."

ಗೋಡೆಯ ಗಡಿಯಾರದಲ್ಲಿ ಹನ್ನೊಂದು ಗಂಟೆಯಾಗಿತ್ತು.

ವಸಂತಮ್ಮ ಮೆಟ್ಟಿಲಿಳಿಯುತ್ತಲೇ ತನುಶ್ರೀಗೆ ಫೋನ್ ಮಾಡಿದರು. ಸ್ವಿಚ್ ಆಫ್. ಸ್ಕೂಟರಿನ ಪಕ್ಕ ನಿಂತು ಕರೆಗಳ ಪಟ್ಟಿ ಬಿಡಿಸಿ, ಐದನೆಯ ನಂಬರು ಒತ್ತಿದರು. ಅದನ್ನು ಅವರು ಈ ಹನ್ನೆರಡು ದಿನಗಳಲ್ಲಿ ಎಷ್ಟೋ ಸಲ ಒತ್ತಿದ್ದರು. ಯಾವತ್ತೂ ಅದು ರಿಂಗಾಗಿರಲಿಲ್ಲ.

ಈಗ ರಿಂಗಾಯಿತು. ಆ ಕಡೆ ಎತ್ತಿದರು.

"ತನುಶ್ರೀ, ಕೇಳು. ಅವರು ಒಪ್ಕೊಂಡ್ರು ಕಣಮ್ಮ. ನಾಳೆ ಎಲ್ಲರ ಮುಂದೆ ಹೇಳ್ತಾರೆ. ನಿಮ್ಮಣ್ಣನ ಹೆಸರು ಉಳೀತು. ನೀನು ಏನೂ ಮಾಡ್ಬೇಡ. ನಾನು ಬರ್ತಿದೀನಿ, ಕೇಳಿಸ್ತಾ?"

ಆ ಕಡೆ, ಫೋನಿನಿಂದ ಸ್ವಲ್ಪ ದೂರದಲ್ಲಿ, ಯಾರೋ ಮೂಗಿನಿಂದ ಜೋರಾಗಿ ಉಸಿರೆಳೆಯುತ್ತಿದ್ದರು. ಬಾಯಿ ತೆರೆಯಲಾಗದವರು ಎಳೆಯುವ ಹಾಗೆ.

ಎರಡು ಕೆಮ್ಮು.

"ಇವತ್ತು ಅಂಗ್ಡಿ ತೆಗ್ದಿವ್ನಿ ಮೇಡಂ," ಎಂದರು ಕಾಳಯ್ಯ. "ಗಿರಾಕಿ ಕೂತವ್ರೆ."

ಟಿಕ್ ಟಿಕ್.